ಬೆಳ್ಳಿ ನೀರಿನ ಕೊಡ

ಸುರಪುರ
೧೪ ಜೂನ್ ೨೦೨೪

ಪ್ರೀತಿಯ ನುಜ್ಹತ,

ರಾತ್ರಿ ಎರಡು ಗಂಟೆಗೆ ನಳ ಬುಸುಗುಟ್ಟಿ ಎಚ್ಚರವಾಯಿತು. ನಮ್ಮ ಓಣಿಗೆ ನೀರಿಗಿಂತ ಮೊದಲು ಗಾಳಿ ಬರುತ್ತದೆ. ಕೊಡ ತುಂಬಿದ ಮೇಲೆ ನಿದ್ದೆ ಹತ್ತಲಿಲ್ಲ. ಈ ಕಾಗದದ ಫೋಟೋ ತೆಗೆದು ಈಗಲೇ ಕಳಿಸುತ್ತೇನೆ.

ಮೊದಲೇ ಹೇಳಿಬಿಡುವೆ, ಕೂಸು ಆರಾಮಿದೆ. ಸಂತೆಯಲ್ಲಿ ನೀರು ಶುದ್ಧ ಮಾಡಲೆಂದು ಮಾರುವ ‘ನ್ಯಾನೊ ಬೆಳ್ಳಿ’ ಇಡೀ ಬಾಟಲಿ ಕುಡಿಯುವ ಕೊಡಕ್ಕೆ ಬಿದ್ದಿತ್ತು. ಎರಡು ದಿನ ಅದೇ ನೀರಲ್ಲಿ ಕೂಸಿನ ಗಂಜಿ ಆಯಿತು. ಡಾಕ್ಟರು ನೋಡಿ, ಹೆದರಬೇಡಿ, ಆ ನೀರು ಚೆಲ್ಲಿರಿ ಎಂದರು. ಹಾಕಿದ್ದು ಅತ್ತೆ ಸುಗಲಮ್ಮ ಎಂದೇ ಮನೆಯಲ್ಲಿ ಮಾತು. ನನ್ನ ಗಂಡ ಬಸಲಿಂಗ ತಾಯಿಗೆ, “ಕೂಸಿನ ಜೀವದ ಜೋಡಿ ಆಟ ಆಡ್ತೀಯೇನಬೇ?” ಎಂದುಬಿಟ್ಟರು. ಅತ್ತೆ ಎದ್ದು ಒಳಗೆ ಹೋದರು. ಬೆಳಗಿನ ಆರರ ಬಸ್ಸಿಗೆ ದೇವಾಪುರದ ಮಗಳ ಮನೆಗೆ ಹೋಗಲು ಗಂಟು ಕಟ್ಟಿಟ್ಟಿದ್ದಾರೆ.

ಆ ನೀರು ನಾನು ಚೆಲ್ಲಿರಲಿಲ್ಲ. ಕೂಸಿನ ಹೊಟ್ಟೆಗೆ ಹೋದದ್ದೇನೆಂದು ಕಣ್ಣಾರೆ ನೋಡಬೇಕಿತ್ತು. ಎಂಎಸ್ಸಿಯಲ್ಲಿ ನೀನು ಮಾಡಿದ ಪ್ರಯೋಗ ನೆನಪಾಯಿತು. ಬೆಳ್ಳಿಯ ಕಣ ಎಷ್ಟು ಸಣ್ಣವೆಂದರೆ ಬಟ್ಟೆಯಲ್ಲಿ ಸೋಸಿದರೂ ದಾಟಿಹೋಗುತ್ತವೆ, ಒಂದನ್ನೊಂದು ದೂಡುತ್ತ ತೇಲಿಕೊಂಡೇ ಇರುತ್ತವೆ. ಪಟಿಕ ಹಾಕಿದರೆ ಆ ಜಗಳ ನಿಂತು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಎಂದಿದ್ದಿ. ನಿದ್ದೆ ಬಾರದ್ದಕ್ಕೆ ಎದ್ದು ಆ ನೀರನ್ನು ಗಾಜಿನ ಬರಣಿಗೆ ಸುರಿದೆ, ತೆಳು ಹಳದಿ. ಪಟಿಕದ ಪುಡಿ ಹಾಕಿ ರಭಸದಿಂದ ತಿರುವಿದೆ. ತಿರುವಿದಷ್ಟೂ ಏನೂ ಆಗಲಿಲ್ಲ.

ಹಿಂದೆ ಅತ್ತೆ ನಿಂತಿದ್ದರು. “ಮಜ್ಜಿಗಿ ಕಡಿಯಾಕತ್ತೀಯೇನವ್ವ? ಕೂಡಿದ್ದು ಮತ್ತ ಒಡಿತೈತಿ. ಮೊದಲ ನಾಕು ಸುತ್ತು ಜೋರ, ಆಮ್ಯಾಗ ತೊಟ್ಟಿಲ ತೂಗಿದಂಗ.” ಹೊಳೆಯ ಕೆನ್ನೀರು ತಿಳಿ ಮಾಡಿ ಮಕ್ಕಳನ್ನು ಬೆಳೆಸಿದ ಕೈ ಅದು. ಸೌಟು ಕಸಿದುಕೊಂಡು ತಾವೇ ತಿರುವಿದರು.

ನುಜ್ಹತ, ಏನೂ ಇಲ್ಲದ ನೀರಿನೊಳಗೆ ಮೋಡ ಹುಟ್ಟಿತು! ಸೂಜಿಮೊನೆಯಷ್ಟು ಚುಕ್ಕೆಗಳು, ಆಮೇಲೆ ಹಿಂಜಿದ ಹತ್ತಿಯಂಥ ಎಸಳುಗಳು, ಓಲಾಡುತ್ತ ತಳಕ್ಕಿಳಿದವು. ಮೇಲಿನ ಹಳದಿ ಎಲ್ಲಿ ಹೋಯಿತೋ. ನಾನು ಉಸಿರು ಬಿಡಲೂ ಅಂಜಿದೆ. “ಮುಟ್ಟಬ್ಯಾಡ, ತಾನ ಕುಂದ್ರತೈತಿ” ಎಂದರು ಅತ್ತೆ. ಅರ್ಧ ತಾಸು ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಆ ನೀರು ಯಾರಿಗೂ ಕುಡಿಸುವುದಿಲ್ಲ, ಅಂಜಬೇಡ.

ನಿನ್ನ
ಪರಿಮಳಾ

ತಾ.ಕ.: ಬಾಟಲಿ ಸುರಿದದ್ದು ನಾನು. ಕೂಸಿಗೆ ಭೇದಿ ಹತ್ತೀತೆಂಬ ಭಯಕ್ಕೆ ಕೊಂಡು ತಂದದ್ದೂ ನಾನೇ. ಬಿಎಸ್ಸಿ ಓದಿದವಳನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಸುರಿಯುವಾಗ ಅತ್ತೆ ಕಂಡಿದ್ದರು, ಆದರೂ ಮಗನ ಮುಂದೆ ನನ್ನ ಹೆಸರು ಎತ್ತಲಿಲ್ಲ. ನಿನ್ನ ಕಾಲು ಹಿಡಿಯುತ್ತೇನೆ, ಬಸ್ಸು ಬರುವುದರೊಳಗೆ ಫೋನ್ ಮಾಡು. “ಗಂಡಗ ಖರೇ ಹೇಳಿದಿ ಏನಬೇ?” ಎಂದು ಕೇಳು, ಅಷ್ಟೇ. ನಿನಗೆ ನಾನು ಸುಳ್ಳು ಹೇಳಲಾರೆ.