ಸೋಮನ ಜಗಲಿಯ ವೈಫೈ

ಬಿಳಗಿ, ಸಿದ್ದಾಪುರ ತಾಲೂಕು
14-11-2024

ಪ್ರೀತಿಯ ತಮಾ ಸುಜಯ,

ಹುಬ್ಬಳ್ಳಿಯಲ್ಲಿ ಆರಾಮಿದ್ದೀಯಾ? ಬೆನ್ನುನೋವು ಕಡಿಮೆಯಾಯಿತಾ? ಔಷಧ ಕಂಪನಿಯ ಚೀಲ ಹೊತ್ತು ದವಾಖಾನೆ ದವಾಖಾನೆ ತಿರುಗುವವನಿಗೆ ಸ್ವಂತ ಬೆನ್ನಿಗೊಂದು ಮಾತ್ರೆ ಸಿಗುವುದಿಲ್ಲವಾ ಎಂದು ನಿನ್ನ ಹೆತ್ತ ಆಯಿ ನಗಾಡುತ್ತಿದ್ದಳು. ಭೂಮಿ ಹುಣ್ಣಿಮೆಗೆ ಬಂದು ಹೋದವನು ದೀಪಾವಳಿಗೆ ಬರಲಿಲ್ಲ, ಫೋನು ಎತ್ತುವುದಿಲ್ಲ. ಹಾಗಾಗಿ ಈ ಕಾಗದ. ನಾನು ಶಾಲೆ ಕಂಡವಳಲ್ಲ, ನಿನ್ನಪ್ಪಯ್ಯ ಪಾಟಿಯ ಮೇಲೆ ತಿದ್ದುವಾಗ ಹಿಂದೆ ಕೂತು ಅಕ್ಷರ ಕದ್ದವಳು. ತಪ್ಪಿದ್ದಲ್ಲಿ ಸರಿಮಾಡಿಕೊಂಡು ಓದು ಮಾರಾಯಾ.

ಊರಿನ ಸುದ್ದಿ ಹೇಳುವುದಾದರೆ ಸೋಮನದ್ದೇ ಹೇಳಬೇಕು. ಗದ್ದೆಯಾಚೆಯ ಸೋಮ, ಶಾಲೆ ಮಕ್ಕಳ ವ್ಯಾನು ಹೊಡೆಯುವವನು, ಈಗ ಜೈಲಿನಲ್ಲಿದ್ದಾನೆ. ಟವರು ಸಿಗದ ನಮ್ಮೂರಲ್ಲಿ ಮಗಳ ಓದಿಗೆಂದು ವೈಫೈ ಹಾಕಿಸಿದನಲ್ಲ, ಪಾಸ್‌ವರ್ಡೇ ಇಟ್ಟಿರಲಿಲ್ಲ. ಹೆಂಡತಿ ದೇವಿ ಇಡಿ ಇಡಿ ಎಂದು ಜಗಳಾಡಿದ್ದಳಂತೆ. "ಕುಡ್ಯೋ ಬಾವಿಗೆ ಯಾರಾದ್ರೂ ಬೀಗ ಹಾಕ್ತಾರೇನೇ?" ಎಂದು ಇವನು ನಕ್ಕಿದ್ದನಂತೆ. ನಮ್ಮ ಕೇರಿಯ ಅರ್ಧ ಜನ ಕರೆಂಟು ಬಿಲ್ಲು ಕಟ್ಟುವುದು, ಮೊಮ್ಮಕ್ಕಳ ಮುಖ ನೋಡುವುದು ಅವನ ಜಗಲಿಯ ಮೇಲೆಯೇ. ನಾನೂ ಅಲ್ಲೇ ಕೂತು ನಿನಗೆ ವಾಟ್ಸಾಪ್ ಮಾಡುತ್ತಿದ್ದವಳು.

ಭೂಮಿ ಹುಣ್ಣಿಮೆಯ ಬೆಳಿಗ್ಗೆ ಅವರ ಕೇರಿ ಪೂರಾ ಗದ್ದೆಯಲ್ಲಿರುತ್ತದೆ, ನಿನಗೆ ಗೊತ್ತು. ಬಸುರಿ ಭೂಮಿಗೆ ಬುಟ್ಟಿ ಹೊತ್ತುಕೊಂಡು ಹೋಗಿ, ಪೂಜೆ ಮಾಡಿ, ಅಲ್ಲೇ ಉಂಡು ಬರುವುದು. ಆ ದಿನ ಮನೆಗೆ ಬೀಗ ಹಾಕುವ ರೂಢಿ ಅವರಲ್ಲಿಲ್ಲ. ಅದೇ ಹೊತ್ತಿಗೆ ಆ ಮನೆಯ ನೆಟ್ಟಿನಿಂದ ಒಂದು ಕಳ್ಳ ಹೆಸರಿನಲ್ಲಿ ವಜ್ರಳ್ಳಿಯ ಅಭಿಜ್ಞಾಳ ಫೋಟೋ ಹೊರಟಿತು. ಮುಖ ಅವಳದ್ದು, ಬಟ್ಟೆಯಿಲ್ಲದ ಮೈ ಇನ್ಯಾರದ್ದೋ. ಅವಳಿಗೆ ನಿಶ್ಚಯವಾಗಿದ್ದ ಶಿರಸಿಯ ಮನೆಯವರಿಗೆ, ಅವಳು ಕಲಿಸುವ ಶಾಲೆಯವರಿಗೆ, ಎಲ್ಲರಿಗೂ. ಮದುವೆ ಮುರಿಯಿತು. ಕೂಸು ಕೋಣೆ ಬಿಟ್ಟು ಹೊರಗೆ ಬರುತ್ತಿಲ್ಲ. ಕೊಟ್ಟಿಗೆಯ ಹಗ್ಗಗಳನ್ನೆಲ್ಲ ಅವಳ ಆಯಿ ಒಲೆಗೆ ಹಾಕಿದ್ದಾಳೆ.

ಪೊಲೀಸರು ಹುಡುಕುತ್ತಾ ಬಂದರೆ ನೆಟ್ಟು ಯಾರ ಹೆಸರಲ್ಲಿದೆಯೋ ಅವನ ಮನೆಗೇ ಬರುವುದಂತೆ. ಬಂದರು. ಗದ್ದೆಯಲ್ಲಿದ್ದೆ ಎಂದ ಸೋಮ. ನೋಡಿದವರು ಯಾರೆಂದರೆ ಅವನ ನೆಂಟರೇ. ನಮ್ಮ ಕೇರಿಯವರನ್ನು ಕೇಳಿದರು. ಅವನ ಜಗಲಿಯನ್ನು ಸವೆಸಿದವರಲ್ಲಿ ಒಬ್ಬರೂ "ಅಲ್ಲಿ ಯಾರು ಬೇಕಾದರೂ ಕೂರ್ತ" ಎನ್ನಲಿಲ್ಲ. ಹೇಳಿದರೆ ತಮ್ಮ ಫೋನೂ ಕೊಡಬೇಕಲ್ಲ! ಸೋಮ ಜೀಪು ಹತ್ತುವಾಗ, ಮಕ್ಕಳನ್ನು ಅವನ ವ್ಯಾನಿನಲ್ಲಿ ಕಳಿಸುತ್ತಿದ್ದವನೊಬ್ಬ ಅವನ ಕೆನ್ನೆಗೆ ಹೊಡೆದ. ದೇವಿ ಬಾವಿಕಟ್ಟೆಗೆ ಬಂದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಾರೆ.

ಸೋಮನ ತಾಯಿ ಹೊನ್ನಿ ಹೋದ ವಾರ ತೀರಿಕೊಂಡಳು. ಕೊಳ್ಳಿ ಇಡಲು ಅವನನ್ನು ಕರೆತಂದರು, ಎರಡೂ ಪಕ್ಕ ಪೊಲೀಸರು. ಊರು ಬೇಲಿಯಾಚೆ ನಿಂತು ವಿಡಿಯೋ ಮಾಡಿತು. ಆ ವೈಫೈ ಡಬ್ಬಿ ಇನ್ನೂ ಗೋಡೆಯ ಮೇಲೇ ಇದೆ, ಆರಿಸುವ ಮನಸ್ಸೂ ದೇವಿಗಿಲ್ಲ. ಹಾಗಾಗಿ ತಾಯಿಯ ಚಿತೆಯ ಮುಂದೆ ಅವನು ಅತ್ತದ್ದು ಅವನದೇ ನೆಟ್ಟಿನಲ್ಲಿ ಯಲ್ಲಾಪುರದವರೆಗೆ ಹೋಯಿತು.

ಕಾಲು ಬಾರದ ಹೊನ್ನಿ ಹುಣ್ಣಿಮೆಯ ದಿನ ಗದ್ದೆಗೆ ಹೋಗಿರಲಿಲ್ಲ, ಒಳಗೆ ಮಲಗಿದ್ದಳು. ಸಾಯುವ ಮೊದಲು ನನಗೆ ಹೇಳಿದಳು. "ಅಮ್ಮಾ, ಹಬ್ಬದಿನ ನಿಮ್ಮನಿ ಸುಜಯ ಜಗಲಿ ಮ್ಯಾಲೆ ಕುಂತಿತ್ತು. ನೀರು ಕೇಳ್ತು. ಹಬ್ಬದಿನ ಬರೀ ನೀರು ಕೊಡೂದು ಹ್ಯಾಂಗೆ, ತೆವಳ್ಕೊಂಡು ಹೋಗಿ ಬೆಲ್ಲನೂ ಕೊಟ್ಟೆ." ಪೊಲೀಸರಿಗೂ ಹೇಳಹೋದಳಂತೆ. ಕಣ್ಣು ಮಂಜಾದ ಮುದುಕಿ, ಅದೂ ಆರೋಪಿಯ ತಾಯಿ, ಯಾರು ಬರೆದುಕೊಳ್ಳುತ್ತಾರೆ? ನಿಜ ಹೇಳಲಾ ತಮಾ, ಅದನ್ನು ಕೇಳಿದಾಗ ಮೊದಲು ನನಗೆ ಖುಷಿಯೇ ಆಯಿತು. ನಮ್ಮ ಮನೆಯ ಮಾಣಿ ಜಾತಿ ನೋಡದೆ ಆ ಮನೆಯ ನೀರು ಕುಡಿದ, ನಾನು ಎತ್ತಿ ಆಡಿಸಿದ್ದು ಸುಳ್ಳಾಗಲಿಲ್ಲ ಎಂದುಕೊಂಡೆ.

ಮೊನ್ನೆ ಅಭಿಜ್ಞಾಳ ಆಯಿ ಬಂದಿದ್ದಳು. ಆ ಫೋಟೋ ತೋರಿಸಿದಳು. ಮುಖ ಕತ್ತರಿಸುವಾಗ ಕಿವಿಯ ಪಕ್ಕ ಒಂದು ಬೆರಳು ಉಳಿದುಬಿಟ್ಟಿದೆ, ಮಗಳ ಮಲ್ಲಿಗೆ ಸರಿಮಾಡುತ್ತಿದ್ದ ಆಯಿಯ ಬೆರಳು. "ಅತ್ತಿಗೆ, ಇದು ನಿಮಗೆ ಜಾತಕದ ಸಂಗಡ ಕಳ್ಸಿದ ಫೋಟೋ ಅಲ್ದಾ? ಬೇರೆ ಯಾರಿಗೂ ಕೊಟ್ಟಿದ್ದಿಲ್ಲೆ." ಅಷ್ಟೇ ಕೇಳಿದ್ದು. ಬೈಯಲಿಲ್ಲ, ಶಾಪ ಹಾಕಲಿಲ್ಲ, ಮಜ್ಜಿಗೆ ಕೊಟ್ಟರೆ ಮುಟ್ಟಲಿಲ್ಲ. ನಿನಗೆ ಆ ಸಂಬಂಧ ಕೇಳಿದಾಗ ಅವರಿಂದ ನನಗೆ ಬಂದ ಆ ಫೋಟೋವನ್ನು ನಾನು ಕಳಿಸಿದ್ದು ನಿನಗೊಬ್ಬನಿಗೇ. ಸಂಬಂಧ ಕೂಡದಿದ್ದರೆ ಜಾತಕ ತಿರುಗಿ ಕೊಡುವುದು, ಫೋಟೋ ಇಟ್ಟುಕೊಳ್ಳದಿರುವುದು ನಮ್ಮಲ್ಲಿ ನಡೆದುಬಂದ ಮರ್ಯಾದೆ. ಕೂಸು "ಯಂಗೆ ಮನಸ್ಸಿಲ್ಲೆ" ಎಂದ ದಿನವೇ ನಾನು ಅಳಿಸಿದೆ. ನೀನು ಇಟ್ಟುಕೊಂಡೆ.

ನಿನ್ನಪ್ಪಯ್ಯನಿಗೆ ಹೇಳಿದೆ. "ಅಕ್ಕಾ, ನೆಟ್ಟು ಅವಂದು, ತೆರೆದಿಟ್ಟವ ಅವ, ಅನುಭವಿಸ್ಲಿ. ನೀ ಎಂತಕ್ಕೆ ಬಾಯಿ ಹಾಕ್ತೆ?" ಎಂದ ಸೀತಾರಾಮ. ಬಾವಿಗೆ ಮುಚ್ಚಳ ಇಲ್ಲದಿದ್ದರೆ ಉಗುಳಿ ಬಾ ಎಂದು ಅರ್ಥವಾ ಎಂದು ಕೇಳಿದೆ. ಊಟ ಬಿಟ್ಟು ಎದ್ದ. ನಿನ್ನ ಆಯಿ ನನ್ನ ಕಾಲು ಹಿಡಿದಳು. ಪಾಸ್‌ವರ್ಡ್ ಇಡದ್ದು ಸೋಮನ ದಡ್ಡತನ, ನಾನು ಇಲ್ಲವೆನ್ನುವುದಿಲ್ಲ. ಆದರೆ ದಡ್ಡತನಕ್ಕೆ ಜೈಲಿದ್ದರೆ ನಮ್ಮೂರಲ್ಲಿ ದನ ಕಟ್ಟಲೂ ಜನ ಉಳಿಯುತ್ತಿರಲಿಲ್ಲ.

ಆಯಿಯ ಆಶೀರ್ವಾದ ಎಂದು ಬರೆಯಬೇಕಿತ್ತು, ಅವಳು ನನ್ನೊಡನೆ ಮಾತು ಬಿಟ್ಟಿದ್ದಾಳೆ. ನಿನಗೆ ಆಯುಷ್ಯ ಗಟ್ಟಿಯಾಗಿರಲಿ ತಮಾ. ಮಾಡಿದ್ದನ್ನು ಪೂರ್ತಿ ಉಂಡು ಮುಗಿಸುವಷ್ಟು ಗಟ್ಟಿ.

ನಿನ್ನ ಪ್ರೀತಿಯ ಅತ್ತೆ,
ಪರಿಮಳಾ

ತಾ.ಕ.: ಇವತ್ತು ಬೆಳಿಗ್ಗೆಯೇ ಠಾಣೆಗೆ ಹೋಗಿ ಹೇಳಿಕೆ ಕೊಟ್ಟು ಬಂದೆ. ನಿನ್ನ ರೂಮಿನ ವಿಳಾಸವನ್ನೂ ಕೊಟ್ಟೆ. ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ, ಈಗ ನಿನ್ನ ಬಾಗಿಲಲ್ಲಿ ನಿಂತವರ ಕೈಯಲ್ಲೇ ಕಳಿಸಿದ್ದು. ಓದಿ ಮುಗಿಸುವವರೆಗೆ ನಿಲ್ಲುತ್ತೇವೆ ಎಂದು ಮಾತು ಕೊಟ್ಟಿದ್ದಾರೆ. ಸ್ವೆಟರ್ ಹಾಕಿಕೋ. ಪಾಪ, ಅಷ್ಟು ದೂರದಿಂದ ಬಂದವರು, ಕಾಯಿಸಬೇಡ.