ಘಟ್ಟ ದಾಟಿದ ತೊಟ್ಟಿಲು

ತಮ್ಮ ಸಮುದಿನ್‌ಗೆ ಅಕ್ಕ ಜೂರಕಾನ್ ಮಾಡುವ ಆಶೀರ್ವಾದ.

ಹೇಗಿದ್ದೀಯ? ನಾದಿನಿ ಬುರುಲಳ ಮಂಡಿನೋವು ಈ ಚಳಿಗೆ ಏನನ್ನುತ್ತದೆ? ಎರ್ಮೆಕ್‌ನ ಕೆಮ್ಮು ಇಳಿಯಿತೆ? ಜಿಪಾರಳಿಗೆ ಮುಂದಿನ ಹಲ್ಲು ಬಂತೆ, ಇಲ್ಲ ಇನ್ನೂ ಗಾಳಿ ಊದಿಕೊಂಡೇ ಮಾತಾಡುತ್ತಾಳೆಯೆ? ನಾನು ಚೆನ್ನಾಗಿದ್ದೇನೆ. ಮೂಗಿನ ತುದಿ ಹಿಮಕ್ಕೆ ಕಪ್ಪಾಗಿ ಸಿಪ್ಪೆ ಏಳುತ್ತಿದೆ, ಅಷ್ಟೇ. ಬೇರೆಯವರಿಂದ ಕೇಳಿ ನೀನು ಇನ್ನೊಂದು ಕಾಗದ ಬರೆಯುವ ಮೊದಲು ನಾನೇ ಹೇಳಿಬಿಟ್ಟೆ.

ನಿನ್ನ ಕಾಗದ ಬಂತು. ನಾನು ಹಿಟ್ಟಿನ ಚೀಲದ ಮೇಲಿನ ಅಕ್ಷರ ನೋಡಿ ಓದು ಕಲಿತವಳು, ನೀನು ಶಾಲೆಗೆ ಹೋದವನು. ಬೈಗುಳದಲ್ಲೂ ಒಂದು ತಪ್ಪಿಲ್ಲ. “ಆ ಘಟ್ಟ ಭಾವನನ್ನ ನುಂಗಿದ್ದು ಸಾಲದಾ, ನಿನ್ನನ್ನೂ ನುಂಗಬೇಕಾ? ಇನ್ನು ಹಿಮದಲ್ಲಿ ಘಟ್ಟ ಹತ್ತಲ್ಲ ಅಂತ ಮಾತು ಕೊಡು” ಎಂದಿದ್ದೀಯ. ಕೊಡುತ್ತೇನೋ ಇಲ್ಲವೋ ಕೊನೆಗೆ ಹೇಳುತ್ತೇನೆ. ಮೊದಲು ನಡೆದದ್ದನ್ನು ನನ್ನ ಬಾಯಿಂದ ಕೇಳು.

ನನ್ನ ಅನಾರ್ಕುಲ್ ಘಟ್ಟದಾಚೆಗೆ ಸೊಸೆಯಾಗಿ ಹೋಗಿ ಎಷ್ಟು ಕಾಲ ಬರಿ ಮಡಿಲಲ್ಲಿ ಕೂತಳೆಂದು ನಿನಗೆ ಗೊತ್ತು. ನೀರು ತರುವ ಊಟೆಯ ಹತ್ತಿರ ಅವಳನ್ನು ಕಂಡೊಡನೆ ಆ ಊರಿನ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಕಡೆಗೂ ಈ ಸಲ ಹೆಣ್ಣು ಹುಟ್ಟಿತು. ಚೊಚ್ಚಲು ಮಗುವಿನ ತೊಟ್ಟಿಲು ತವರಿನಿಂದಲೇ ಹೋಗಬೇಕು. ಹೋಗದಿದ್ದರೆ ಆ ಹೆಣ್ಣಿಗೆ ಬೆನ್ನ ಹಿಂದೆ ಯಾರೂ ಇಲ್ಲವೆಂದೇ ಲೆಕ್ಕ. ಬೀಗಿತ್ತಿ ಗುಲ್ಸುನ್ ರಸ್ತೆ ಕಚೇರಿಯ ಫೋನಿಗೆ ಹೇಳಿ ಕಳಿಸಿದ್ದಳು: “ಘಟ್ಟ ಮುಚ್ಚಿದೆಯಂತೆ, ಪಾಪ. ಬರೋದು ಬೇಡ. ಪೇಟೆಯಲ್ಲೇ ಒಂದು ಕೊಂಡ್ಕೋತೀವಿ.” ಆ ‘ಪಾಪ’ ಇದೆಯಲ್ಲ, ತಮ್ಮಾ, ಅದು ನನ್ನನ್ನು ಎಬ್ಬಿಸಿತು.

ರಸ್ತೆಗೆ ಅಡ್ಡಗಂಬ ಇಳಿಸಿದ್ದರು. ಹಿಮ ತಳ್ಳುವ ಯಂತ್ರವೇ ಅರ್ಧ ಹೂತು ನಿಂತಿತ್ತು. ಕಾವಲಿನವನು ಒಳ್ಳೆಯವನು, ಚಹ ಕೊಟ್ಟ. “ಅಜ್ಜೀ, ಮೇಲೆ ಹಿಮ ಹೆಂಗೆ ಕೂತಿದೆ ಗೊತ್ತಾ? ಯಾರಾದ್ರೂ ಕೆಮ್ಮಿದ್ರೆ ಸಾಕು, ಗುಡ್ಡ ಕೆಳಗೆ ಬರುತ್ತೆ” ಎಂದ. “ನನಗೆ ಕೆಮ್ಮಿಲ್ಲ ಕಣಪ್ಪ” ಎಂದೆ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಯಂತ್ರ ಸೋತಲ್ಲಿಂದ ಮುಂದೆ ನಮ್ಮವರು ಹೇಗೆ ಹೋಗುತ್ತಿದ್ದರೆಂದು ನೀನೂ ಮರೆತಿರಲಾರೆ.

ಮೈದುನ ಮಾಮಾಸಾಲಿ ಚಮರಿ ದನಗಳನ್ನು ಮುಂದೆ ಬಿಟ್ಟ. ಅವು ಎದೆಯಿಂದ ಹಿಮ ಸೀಳಿ, ತುಳಿದು ಓಣಿ ಮಾಡಿದಂತೆ ನಾವು ಕುದುರೆ ಹಿಡಿದು ಹಿಂದೆ. ಮಂದೆಯ ಮುಂದಾಳು ಕರಿ ಹಸು. ಅದು ಈದು ಕೆಲವೇ ದಿನ. ಎಳೆಗರು ಚಳಿಗೆ ಸತ್ತೀತೆಂದು ಮಾಮಾಸಾಲಿ ಅದನ್ನು ಕೊಟ್ಟಿಗೆಯಲ್ಲೇ ಕಟ್ಟಿ ಬಂದಿದ್ದ. ಅರ್ಧ ಏರಿದ ಮೇಲೆ ಕರಿ ಹಸು ನಿಂತಿತು, ಒಮ್ಮೆ ಹೂಂಕರಿಸಿತು, ತಿರುಗಿತು. ಮಂದೆಯೆಲ್ಲ ಅದರ ಹಿಂದೆ ಮನೆಯ ಕಡೆಗೆ. ಬೆದರಿಸಿದೆವು, ಬೇಡಿಕೊಂಡೆವು, ಉಪ್ಪು ತೋರಿಸಿದೆವು. ಅದು ನಮ್ಮನ್ನು ಕಣ್ಣೆತ್ತಿಯೂ ನೋಡಲಿಲ್ಲ.

“ಆಯ್ತಲ್ಲ ಅತ್ತಿಗೆ, ದೇವರೇ ಬೇಡ ಅಂದ” ಎಂದ ಮಾಮಾಸಾಲಿ.

“ದೇವರಲ್ಲ ಕಣೋ, ಬಾಣಂತಿ ಬೇಡ ಅಂದಿದ್ದು. ನಾನೂ ಮಗಳಿಗಾಗೇ ಹೊರಟಿರೋದು, ಅವಳ ಸಂಕಟ ನನಗೆ ಗೊತ್ತಾಗುತ್ತೆ.”

ಮನೆಗೆ ಮರಳಿದ ಮಾರನೆಯ ಬೆಳಿಗ್ಗೆ ಕರುವನ್ನು ಕಂಬಳಿಯಲ್ಲಿ ಸುತ್ತಿ ತೊಟ್ಟಿಲಿನಲ್ಲಿ ಮಲಗಿಸಿದೆ. ಕೂಸಿಗೆಂದು ಹೊಲಿದ ಪಟ್ಟಿಗಳಿಂದಲೇ ಬಿಗಿದೆ. ತೊಟ್ಟಿಲನ್ನು ಕರಿ ಹಸುವಿನ ಬೆನ್ನ ಮೇಲೆಯೇ ಕಟ್ಟಿಸಿದೆ. ಮಾಮಾಸಾಲಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಅತ್ತಿಗೆ, ಆಚೆ ಹೋಗಿ ಯಾವ ಮೊಮ್ಮಗಳನ್ನ ತೋರಿಸ್ತೀರಿ?” ಹಸು ಮಾತ್ರ ನಗಲಿಲ್ಲ. ಕಿವಿಯ ಹಿಂದೆ ಕರುವಿನ ಉಸಿರು ಕೇಳುತ್ತಿತ್ತು. ತಲೆ ತಗ್ಗಿಸಿ ಹಿಮಕ್ಕೆ ನುಗ್ಗಿತು ನೋಡು, ಮತ್ತೆ ತಿರುಗಲಿಲ್ಲ.

ನೆತ್ತಿಯ ಕೆಳಗಿನ ಓರೆಯಲ್ಲಿ ನಾವು ಉಸಿರು ಬಿಗಿಹಿಡಿದು ನಡೆಯುತ್ತಿದ್ದಾಗ ಕರು ಅರಚಿತು. ಅದಕ್ಕೇ ಜಾರಿತೋ, ತಾನಾಗಿ ಜಾರಿತೋ, ನಮ್ಮ ಬೆನ್ನ ಹಿಂದೆ ಗುಡ್ಡದ ಹಿಮವೆಲ್ಲ ಇಳಿದುಹೋಯಿತು. ಹಿಮದ ಪುಡಿ ಕೂತ ಮೇಲೆ ನೋಡಿದರೆ ನಾವು ಬಂದ ಓಣಿಯೇ ಇಲ್ಲ. ಮಾಮಾಸಾಲಿಯ ತುಟಿ ನೀಲಿಯಾಗಿತ್ತು. “ಇನ್ನು ವಾಪಸ್ ಹೋಗೋಣ ಅಂತ ನೀವು ಹೇಳೋ ಹಾಗಿಲ್ಲ” ಎಂದ. “ನಾನು ಯಾವಾಗ ಅಂದಿದ್ದೆ?” ಎಂದೆ. ನನಗೂ ಹೆದರಿಕೆಯಾಗಿತ್ತು. ಅದನ್ನೂ ನಿನಗೆ ಮುಚ್ಚಿಡುವುದಿಲ್ಲ. ಹೆದರಿಕೊಂಡೇ ಕರಿ ಹಸುವಿನ ಹಿಂದೆ ನಡೆದೆ.

ಗುಲ್ಸುನ್ ಬಾಗಿಲಲ್ಲೇ ಮೂಗರಳಿಸಿದಳು. “ಇದೇನು ಬೀಗಿತ್ತಿ, ತೊಟ್ಟಿಲು ಚಮರಿ ವಾಸನೆ ಹೊಡೀತಿದೆ?”

“ಪೇಟೆ ತೊಟ್ಟಿಲಾಗಿದ್ರೆ ಬಣ್ಣದ ವಾಸನೆ ಹೊಡೀತಿತ್ತು” ಎಂದೆ.

ಅವಳು ಘಮಘಮಿಸುವ ಅರ್ಚಾ ಮರದ ಕಡ್ಡಿ ಹೊತ್ತಿಸಿ ತೊಟ್ಟಿಲಿಗೆ ಹೊಗೆ ಹಿಡಿದಳು. ಊಟೆಯ ಹೆಂಗಸರೆಲ್ಲ ಬಂದು ಕೂತಿದ್ದರು. ಗುಲ್ಸುನ್ ಮಗುವನ್ನು ಎತ್ತಿ, ಪದ್ಧತಿಯಂತೆ ಮೊದಲು ಬೇಕೆಂದೇ ತೊಟ್ಟಿಲಿನಲ್ಲಿ ತಲೆಯಿಡುವ ಕಡೆ ಕಾಲಿಟ್ಟು “ಹೀಗಾ?” ಎಂದಳು. “ಹಾಗಲ್ಲ, ಹಾಗಲ್ಲ” ಎಂದು ಎಲ್ಲರೂ ಕೂಗಿದರು. ಸರಿಯಾಗಿ ಮಲಗಿಸುವ ಸರದಿ ಬಂದಾಗ ನನ್ನ ಕಡೆ ನೋಡಿ, “ನೀವೇ ಮಲಗಿಸಿ. ಹಿಮ ದಾಟಿ ಬಂದ ಕೈ” ಎಂದಳು. ಅನಾರ್ಕುಲ್ ಅಳಲಿಲ್ಲ. ಎದ್ದು ಆ ಹೆಂಗಸರಿಗೆಲ್ಲ ತಾನೇ ಚಹ ಬಗ್ಗಿಸಿ ಕೊಟ್ಟಳು, ಒಬ್ಬೊಬ್ಬರ ಮುಖವನ್ನೂ ನೇರವಾಗಿ ನೋಡುತ್ತ. ನಾನು ಘಟ್ಟ ಹತ್ತಿದ್ದು ಅದನ್ನು ನೋಡಲಿಕ್ಕೆ.

ಇನ್ನು ನೀನು ಕೇಳಿದ ಮಾತು. ಕೊಡಲಾರೆ, ತಮ್ಮಾ. ಪ್ರತಿ ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಅದೇ ಘಟ್ಟ. ಅದು ನನ್ನ ಗಂಡನನ್ನು ಇಟ್ಟುಕೊಂಡಿತು. ಮಗಳನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಅವಳಿಗೆ ನಾನು ಬೇಕಾದರೆ ಮತ್ತೆ ಹತ್ತುತ್ತೇನೆ, ಮೂಗು ಉದುರಿಹೋದರೂ ಸರಿ.

ನಿನ್ನ ಒಲೆ ಆರದಿರಲಿ. ಮಕ್ಕಳಿಗೆ ಬಿಳಿ ದಾರಿ, ಶುಭದ ದಾರಿ, ಸಿಗಲಿ ಎಂದು ನಮ್ಮ ಹಿರಿಯರಂತೆ ನಾನೂ ಹರಸುತ್ತೇನೆ; ಬಿಳಿ ದಾರಿಯಲ್ಲಿ ನಡೆಯುವುದನ್ನೂ ಅವರಿಗೆ ಕಲಿಸು.

ನಿನ್ನ ಅಕ್ಕ,
ಜೂರಕಾನ್

ಬೇಗ ಕಾಗದ ಬರಿ. ಬೈದೇ ಬರಿ, ಅಡ್ಡಿಯಿಲ್ಲ. ದಾರಿ ಮುಚ್ಚಿತ್ತು ಎಂಬ ನೆಪ ಮಾತ್ರ ನನ್ನ ಹತ್ತಿರ ಹೇಳಬೇಡ.