ಗಿಣಿಯ ಕತೆಗೆ ಹೂಂ

೩ ಜುಲೈ ೧೯೬೪, ದಾವಣಗೆರೆ

ಶಾಲೆಯಲ್ಲಿ ಪಾಠ ಮುಗಿಸಿ ಬಂದು ರಷ್ಯನ್ ಕಾದಂಬರಿಯೊಂದರ ಅನುವಾದ ಓದಲು ಹಿಡಿದೆ. ಒಂದೇ ಪದಕ್ಕೆ ಈ ಪುಟದಲ್ಲಿ ಹಿಮ, ಮುಂದಿನ ಪುಟದಲ್ಲಿ ಮಂಜು. ಪೆನ್ಸಿಲಿನಲ್ಲಿ ಗುರುತು ಹಾಕಿದೆ.

ಆಮೇಲೆ ನನ್ನ ಪದ್ಯ. ಅವ್ವ ಸತ್ತ ಮೇಲೆ ನನ್ನನ್ನು ಸಾಕಿದ ದೊಡ್ಡವ್ವ ಹೇಳುತ್ತಿದ್ದ ಕತೆ. ಏಳು ಸಮುದ್ರದಾಚೆ, ಪಂಜರದ ಗಿಣಿಯಲ್ಲಿ ಪ್ರಾಣ ಬಚ್ಚಿಟ್ಟ ರಾಕ್ಷಸ. ರಾಜಕುಮಾರ ಗಿಣಿಯ ಕತ್ತು ಮುರಿಯುತ್ತಾನೆ, ರಾಕ್ಷಸ ಸಾಯುತ್ತಾನೆ. ನಾನು ಗಿಣಿಯ ಬಾಯಿಂದ ಹೇಳಿಸುತ್ತಿದ್ದೇನೆ. ಅದನ್ನು ಯಾರೂ ಕೇಳಿಲ್ಲವಲ್ಲ...

೧೨ ಜುಲೈ, ಭಾನುವಾರ

ಗೆಳೆಯರ ಕೂಟದಲ್ಲಿ ಪದ್ಯ ಓದಿದೆ. ಕರಿಬಸವರಾಜ ಮೇಷ್ಟ್ರು: "ಏನ್ ಕಮಲಕ್ಕೋರೆ, ಗಿಣಿಗೂ ಅಸ್ತಿತ್ವದ ಸಮಸ್ಯೆ ಬಂತಾ? ಇನ್ನ ಕಾಗಿ, ಗುಬ್ಬಿ ನವ್ಯ ಕವಿಗಳಂಗ ಸಿಗರೇಟು ಸೇದೋದೊಂದು ಬಾಕಿ ಐತೆ ನೋಡ್ರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವರೇ, ಪತ್ರಿಕೆಗೆ ಕಳಿಸಿ ಎಂದರು.

ಮೊದಲು ದೊಡ್ಡವ್ವ ಕೇಳಬೇಕು. ಅವಳು ಒಪ್ಪದೆ ಕಳಿಸಲಾರೆ. ಕತೆ ಅವಳದು.

೧೯ ಜುಲೈ, ಹರಿಹರ

ಬೆಳಗಿನ ರೈಲು. ದೊಡ್ಡವ್ವ ಹಾಸಿಗೆ ಹಿಡಿದಿದ್ದಾಳೆ. ಸೊಸೆ ತಿಪ್ಪಮ್ಮ ಗಂಜಿ ಕುಡಿಸುತ್ತಿದ್ದಳು.

ಓದಿದೆ. ಸಾಲು ಸಾಲಿಗೂ ಹೂಂಗುಟ್ಟಿದಳು. ಕೇಳುವವರು ಹೂಂ ಅನ್ನದಿದ್ದರೆ ಕತೆ ಮುಂದಕ್ಕೆ ಹೋಗಬಾರದು — ಚಿಕ್ಕಂದಿನಲ್ಲಿ ನನಗೆ ಕಲಿಸಿದ್ದೂ ಅದನ್ನೇ. ಕತ್ತು ಮುರಿಯುವ ಕಡೆ ಬಾಯಿ ಮುಚ್ಚಿದಳು.

"ಯಾಕ ದೊಡ್ಡವ್ವ?"

"ನಿಮ್ಮವ್ವ ಸತ್ತ ವರ್ಸ, ಕತೆ ಈ ಜಾಗಕ್ಕ ಬಂದ್ರೆ ನೀನು ಹೂಂ ಅಂತಿರ್ಲಿಲ್ಲ. ತುಟಿ ಬಿಗಿಹಿಡ್ಕಂಡು ಕುಂತಿರ್ತಿದ್ದೆ. ನಾನು ಅಲ್ಲಿಗೇ ನಿಲ್ಲಿಸ್ತಿದ್ದೆ. ಗಿಣಿ ಬದುಕ್ತಿತ್ತು."

"ಕತೆ ಹಂಗಿಲ್ಲಲ್ಲ."

"ನೋಡೇ ತಿಪ್ಪಿ, ಕತೆ ಹೆಂಗೈತೆ ಅಂತ ನನಗೇ ಹೇಳಾಕ ಬಂದಾಳ! ಬ್ಯಾರೆ ಬರ್ಕಂಡು ಬಾ. ಹೂಂ ಅಂತೀನಿ."

೨೭ ಜುಲೈ

ಗಿಣಿ ಹಾರಿಹೋಯಿತು ಎಂದು ಬರೆದೆ. ಸುಳ್ಳು. ಹೊಡೆದುಹಾಕಿದೆ. ರಾಜಕುಮಾರನ ಮನಸ್ಸು ಕರಗಿತು — ಅದೂ ಸುಳ್ಳು.

೧೪ ಆಗಸ್ಟ್

ತಿಪ್ಪಮ್ಮ ಹೇಳಿಕಳಿಸಿದ್ದಾಳೆ. ದೊಡ್ಡವ್ವನ ಮಾತು ನಿಂತಿದೆಯಂತೆ. ಪದ್ಯ ಇದ್ದಂತೆಯೇ ಇದೆ. ನಾಳೆ ಧ್ವಜವಂದನೆ ಮುಗಿಸಿ ಹೊರಡಬೇಕು.

೧೫ ಆಗಸ್ಟ್, ಹರಿಹರ

ಮಧ್ಯಾಹ್ನ ತಲುಪಿದೆ. ದೊಡ್ಡವ್ವ ಕಣ್ಣು ಮುಚ್ಚಿಕೊಂಡು ಮಲಗಿದ್ದಳು. "ಓದಕ್ಕ, ಕಿವಿ ಕೇಳ್ತಾವ. ನಿನ್ನ ದಾರೀನೇ ಕಾಯ್ತಿದ್ಲು," ಎಂದಳು ತಿಪ್ಪಮ್ಮ.

ಹಳೆಯದನ್ನೇ ಓದಿದೆ. ಬೇರೆ ಇರಲಿಲ್ಲ. ಸಮುದ್ರಕ್ಕೆ ಹೂಂ, ಗಂಟಲಿನಿಂದಷ್ಟೇ. ಪಂಜರಕ್ಕೆ ಬಹಳ ತಡವಾಗಿ ಒಂದು. ರಾಜಕುಮಾರನ ಕೈ ಒಳಗೆ ಬಂತು. ಹೂಂ ಬರಲಿಲ್ಲ. ಕಾದೆ. ಹಠ ಅಂದುಕೊಂಡೆ.

ತಿಪ್ಪಮ್ಮ ಬಗ್ಗಿ ಮೂಗಿನ ಹತ್ತಿರ ಬೆರಳು ಹಿಡಿದಳು.

"ಸಾಕು ಬಿಡಕ್ಕ," ಎಂದಳು.

೧೮ ಆಗಸ್ಟ್

ಕಡೆಯ ಸಾಲುಗಳನ್ನು ಹೊಡೆದುಹಾಕಿದೆ. ಹೂಂ ಇಲ್ಲದೆ ಮುಂದಕ್ಕೆ ಹೋಗಬಾರದು. ಇನ್ನು ಪದ್ಯ ಇಷ್ಟಕ್ಕೇ:

ಕೈ ಒಳಗೆ ಬಂತು. ನನ್ನ ಕತ್ತು ಇನ್ನೂ ಬೆಚ್ಚಗೆ—